ಸಂಘದ ಲಾಂಛನವನ್ನು ಮುದ್ರಣಕ್ಕೆ ಯಾವ ಕಡತದಲ್ಲಿ ಕೊಡಬೇಕು?

ನವೆಂಬರ್ ಹತ್ತಿರವಾಗುತ್ತಿದ್ದಂತೆ ಹೈದರಾಬಾದಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಸಿದ್ಧತೆ ಆರಂಭವಾಗುತ್ತದೆ. ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆ, ವೇದಿಕೆಯ ಹಿಂದಿನ ಫ್ಲೆಕ್ಸ್, ಸನ್ಮಾನಿತರಿಗೆ ನೀಡುವ ಸ್ಮರಣಿಕೆ ಇವೆಲ್ಲಕ್ಕೂ ಲಾಂಛನ ಬೇಕು. ಆಗ ಯಾರಾದರೊಬ್ಬರು ಹಳೆಯ ಜಾಲಪುಟದಿಂದ ತೆಗೆದ ಪುಟ್ಟ ಚಿತ್ರವೊಂದನ್ನು ವಾಟ್ಸಾಪ್ ಮೂಲಕ ಮುದ್ರಣಾಲಯಕ್ಕೆ ರವಾನಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಈ ಲೇಖಕನೂ ಅದನ್ನೇ ಮಾಡಿದ್ದುಂಟು. ಮಸುಕಾದ ಚಿತ್ರವನ್ನು ಕಂಡ ಡಿ.ಟಿ.ಪಿ. ಕೆಲಸಗಾರ ಸದುದ್ದೇಶದಿಂದಲೇ ಸಂಘದ ಹೆಸರನ್ನು ತನ್ನಲ್ಲಿದ್ದ ಅಕ್ಷರಗಳಲ್ಲಿ ಮತ್ತೆ ಜೋಡಿಸಿದ. ಐದುನೂರು ಆಹ್ವಾನ ಪತ್ರಿಕೆಗಳ ಮೇಲೆ ಕನ್ನಡದ ಹೆಸರು ತೆಲುಗಿನ ತಲಕಟ್ಟು ಹೊತ್ತು ಬಂದಿತು. ತಪ್ಪು ಆತನದಲ್ಲ, ನಾವು ಕೊಟ್ಟ ಕಡತದ್ದು.

ಚಿತ್ರದ ಕಡತಗಳಲ್ಲಿ ಎರಡು ಜಾತಿ. ಜೆಪೆಗ್, ಪಿ.ಎನ್.ಜಿ., ಟಿಫ್, ಗಿಫ್ ಇವು ರಂಗೋಲಿಯಂತೆ ಚುಕ್ಕೆಗಳ ಲೆಕ್ಕದ ಮೇಲೆ ನಿಂತವು. ಚುಕ್ಕೆಗಳ ಸಂಖ್ಯೆ ನಿಗದಿಯಾಗಿರುವುದರಿಂದ ಹಿಗ್ಗಿಸಿದರೆ ಅಂಚು ಒಡೆಯುತ್ತದೆ. ಎ.ಐ., ಸಿ.ಡಿ.ಆರ್., ಇ.ಪಿ.ಎಸ್., ಎಸ್.ವಿ.ಜಿ. ಕಡತಗಳು ರೇಖೆಗಳ ಗಣಿತವನ್ನು ಕಾಪಾಡುತ್ತವೆ. ವೆಕ್ಟರ್ ಎನ್ನುವುದು ಇದನ್ನೇ. ವಿಸಿಟಿಂಗ್ ಕಾರ್ಡಿನಿಂದ ಹತ್ತು ಅಡಿಯ ಫ್ಲೆಕ್ಸಿನವರೆಗೆ ಒಂದೇ ಕಡತ ಸಾಕು. ಪಿ.ಡಿ.ಎಫ್. ಎರಡನ್ನೂ ಹೊರಬಲ್ಲದು. ಆದ್ದರಿಂದ ಜೆಪೆಗ್ ಚಿತ್ರವನ್ನು ಪಿ.ಡಿ.ಎಫ್. ಒಳಗೆ ಕೂರಿಸಿ ಕೊಟ್ಟರೆ ಹೆಸರು ಬದಲಾಯಿತೇ ಹೊರತು ಗುಣ ಬದಲಾಗಲಿಲ್ಲ. ಪರೀಕ್ಷೆ ಸುಲಭ: ತೆರೆಯ ಮೇಲೆ ಎಂಟು ಪಟ್ಟು ಹಿಗ್ಗಿಸಿ ನೋಡಿ, ಅಂಚು ಮೆಟ್ಟಿಲಾದರೆ ಅಥವಾ ಮಂಜಾದರೆ ಅದು ಚುಕ್ಕೆಯ ಚಿತ್ರ.

ಇನ್ನು ಕನ್ನಡಕ್ಕೇ ವಿಶೇಷವಾದ ತೊಡಕು. ಅನೇಕ ಸಂಘಗಳ ಲಾಂಛನಗಳು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ರಚಿತವಾದವು. ಅವು ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಹಾಗೂ ಚಿಹ್ನೆಗಳ ಸ್ಥಾನದಲ್ಲಿ ಕೂರಿಸಿದ ಫಾಂಟುಗಳು. ಆ ಫಾಂಟು ಇಲ್ಲದ ಗಣಕದಲ್ಲಿ ಕಡತ ತೆರೆದರೆ, ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದದ ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ ಬಂದು ಕುಳಿತಿರುತ್ತದೆ! ಯೂನಿಕೋಡ್ ಬಂದ ಮೇಲೂ ತೊಂದರೆ ಪೂರ್ಣ ನೀಗಿಲ್ಲ. ಪೇಜ್‌ಮೇಕರ್‌ನಂತಹ ಹಳೆಯ ತಂತ್ರಾಂಶಕ್ಕೆ ಯೂನಿಕೋಡ್ ತಿಳಿಯದು. ಹೊಸ ಇಲ್ಲಸ್ಟ್ರೇಟರ್‌ನಲ್ಲಿಯೂ ಭಾರತೀಯ ಲಿಪಿಗಳ ಆಯ್ಕೆಯನ್ನು ಹಾಕದಿದ್ದರೆ ‘ಸಾಂಸ್ಕೃತಿಕ’ ಎಂಬಲ್ಲಿ ಒತ್ತಕ್ಷರ ಕೆಳಗಿಳಿಯದೆ ಸಾಲಿನಲ್ಲಿಯೇ ನಿಂತುಬಿಡುತ್ತದೆ. ಬೆಂಗಳೂರಿನ ಮುದ್ರಣಾಲಯದಲ್ಲಿ ಯಾರಾದರೂ ಇದನ್ನು ಗಮನಿಸಿಯಾರು. ಇಲ್ಲಿ ಗಮನಿಸುವವರು ನಾವೇ.

ಪರಿಹಾರ ಒಂದೇ ಆಜ್ಞೆಯಲ್ಲಿದೆ. ಕೋರಲ್‌ಡ್ರಾದಲ್ಲಿ ‘ಕನ್ವರ್ಟ್ ಟು ಕರ್ವ್ಸ್’, ಇಲ್ಲಸ್ಟ್ರೇಟರ್‌ನಲ್ಲಿ ‘ಕ್ರಿಯೇಟ್ ಔಟ್‌ಲೈನ್ಸ್’ ಮಾಡಿಸಿದರೆ ಅಕ್ಷರಗಳು ಫಾಂಟಿನ ಹಂಗು ತೊರೆದು ಬರಿಯ ರೇಖೆಗಳಾಗುತ್ತವೆ. ಆ ಬಳಿಕ ಯಾವ ಊರಿನ, ಯಾವ ಭಾಷೆಯ ಗಣಕವಾದರೂ ಅದೇ ರೂಪ ಕಾಣುತ್ತದೆ. ಆದರೆ ಆಮೇಲೆ ಕಾಗುಣಿತ ತಿದ್ದಲು ಬಾರದು. ಆದ್ದರಿಂದ ಮೊದಲೇ ಓದಿ ನೋಡಬೇಕು, ಮೂಲ ಪ್ರತಿಯೊಂದನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಹೀಗೆ ಸಿದ್ಧವಾದ ಪಿ.ಡಿ.ಎಫ್. ಪ್ರತಿಯನ್ನೇ ಮುದ್ರಣಾಲಯಕ್ಕೆ ಕೊಡುವುದು ಉತ್ತಮ. ಸ್ಮರಣಿಕೆಯ ಮೇಲೆ ಲೇಸರ್ ಕೆತ್ತನೆ ಮಾಡುವವರೂ ರೇಖೆಯ ಕಡತವನ್ನೇ ಕೇಳುತ್ತಾರೆ.

ಮೂಲ ರೇಖಾಕಡತ ಕಳೆದುಹೋಗಿದ್ದರೆ ಚುಕ್ಕೆಯ ಚಿತ್ರವೇ ಗತಿ. ಕಾಗದದ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆಗಳೆಂಬುದು ರೂಢಿ. ಜಾಲಪುಟದ 200 ಚುಕ್ಕೆ ಅಗಲದ ಚಿತ್ರ ಮುಕ್ಕಾಲು ಅಂಗುಲವೂ ಬಾರದು; ಸಂಚಿಕೆಯ ಮುಖಪುಟದಲ್ಲಿ ಮೂರು ಅಂಗುಲ ಬೇಕೆಂದರೆ 900 ಚುಕ್ಕೆ ಬೇಕು. ಫ್ಲೆಕ್ಸನ್ನು ದೂರದಿಂದ ನೋಡುವುದರಿಂದ ಅಂಗುಲಕ್ಕೆ 100 ಇದ್ದರೂ ನಡೆದೀತು. ಫೋಟೋಶಾಪಿನಲ್ಲಿ 72 ಎಂಬುದನ್ನು ಅಳಿಸಿ 300 ಎಂದು ಬರೆದ ಮಾತ್ರಕ್ಕೆ ಇಲ್ಲದ ವಿವರ ಹುಟ್ಟುವುದಿಲ್ಲ. ಜೆಪೆಗ್ ಭಾವಚಿತ್ರಗಳಿಗೆ ಒಪ್ಪುತ್ತದೆ, ಆದರೆ ಅಕ್ಷರದ ಅಂಚಿನ ಸುತ್ತ ಕಲೆಗಳನ್ನು ಬಿಡುತ್ತದೆ. ಮತ್ತೆ ಮತ್ತೆ ಉಳಿಸಿದಷ್ಟೂ ಕೆಡುತ್ತದೆ. ಪಿ.ಎನ್.ಜಿ. ಏನನ್ನೂ ಕಳೆದುಕೊಳ್ಳದು, ಹಿನ್ನೆಲೆಯನ್ನು ಪಾರದರ್ಶಕವಾಗಿಯೂ ಇಡಬಲ್ಲದು, ಆದರೆ ಮುದ್ರಣದ ನಾಲ್ಕು ಬಣ್ಣಗಳ ವಿಂಗಡಣೆ ಅದರಲ್ಲಿಲ್ಲ; ಆಫ್‌ಸೆಟ್ ಮುದ್ರಣಕ್ಕೆ ಟಿಫ್ ಲೇಸು. ಗಿಫ್ 256 ಬಣ್ಣಗಳಿಗೆ ಸೀಮಿತವಾದದ್ದು, ಅದನ್ನು ಮರೆಯಬಹುದು. ವಾಟ್ಸಾಪ್‌ನಲ್ಲಿಯೇ ಕಳಿಸುವುದಾದರೆ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ನಮ್ಮ ಅರಿಶಿನ ಕುಂಕುಮದ ಬಣ್ಣಗಳ ವಿಷಯ ಸ್ವಲ್ಪ ಬೇರೆ. ಅಚ್ಚಿನಲ್ಲಿ ಹಳದಿ ಒಂದೇ ಶಾಯಿಯಿಂದ ಬರುತ್ತದೆ, ಕೆಂಪು ಮಾತ್ರ ಮಜೆಂಟಾ ಮತ್ತು ಹಳದಿ ಎರಡೂ ಒಂದರ ಮೇಲೊಂದು ಬಿದ್ದಾಗ ಮೂಡುತ್ತದೆ. ಕೂದಲೆಳೆಯಷ್ಟು ಸರಿದರೂ ಸಣ್ಣ ಕೆಂಪು ಅಕ್ಷರಗಳಿಗೆ ನೆರಳು ಅಂಟುತ್ತದೆ. ರಸೀದಿ ಪುಸ್ತಕ, ರಬ್ಬರ್ ಮೊಹರುಗಳಿಗೆಂದು ಬರಿಯ ಕಪ್ಪಿನಲ್ಲಿ ಮಾಡಿದ ಲಾಂಛನವೊಂದನ್ನು ಸಂಘದ ಕಾರ್ಯದರ್ಶಿಗಳು ಜೊತೆಯಲ್ಲಿಯೇ ಇಟ್ಟಿರಬೇಕು. ಕೊನೆಯ ಕರಡನ್ನು ಕಾಗದದ ಮೇಲೆ ತರಿಸಿಕೊಂಡು, ಕನ್ನಡ ಓದಬಲ್ಲ ಒಬ್ಬರು ತಲಕಟ್ಟಿನಿಂದ ಒತ್ತಿನವರೆಗೆ ನೋಡಿದ ಮೇಲೆಯೇ ಅಚ್ಚಿಗೆ ಒಪ್ಪಿಗೆ ಕೊಡಿ.