ಬೈದದ್ದು, ಹೊಡೆದದ್ದು

ನಮ್ಮ ಅಷ್ಟೂರ ಜಾತ್ರ್ಯಾಗ ಕುಸ್ತಿ ನೋಡೋ ಮಂದಿ ಪೈಲ್ವಾನರಿಗೆ ಬಾಯಿಗೆ ಬಂದದ್ದು ಅಂತಾರ. ಅದಕ್ಕ ಕುಸ್ತಿ ನಿಲ್ಲಲ್ಲ. ಕಣ್ಣಾಗ ಬೆರಳು ಹಾಕಿದ್ರ ನಿಲ್ತದ.

2008ರ ಜನವರಿ. ಸಿಡ್ನಿ ಟೆಸ್ಟ್‌ನಲ್ಲಿ ಆಂಡ್ರ್ಯೂ ಸೈಮಂಡ್ಸ್‌ಗೆ ಜನಾಂಗೀಯ ಬೈಗುಳ ಬೈದರೆಂದು ಹರಭಜನ್ ಸಿಂಗ್‌ಗೆ 3 ಟೆಸ್ಟ್ ನಿಷೇಧ. ನಾಯಕ ನಮ್ಮ ಕುಂಬ್ಳೆ ಹರಭಜನ್ ಪರ ನಿಂತರು. ಮೇಲ್ಮನವಿ ಕೇಳಿದ ನ್ಯಾಯಮೂರ್ತಿ ಹ್ಯಾನ್ಸೆನ್, ಆ ಆರೋಪ ಸಾಬೀತಾಗಿಲ್ಲ ಎಂದು ನಿಷೇಧ ತೆಗೆದು ಅರ್ಧ ಪಂದ್ಯಶುಲ್ಕ ದಂಡ ಹಾಕಿದರು.

ಅದೇ ವರ್ಷ ಏಪ್ರಿಲ್ 25, ಮೊಹಾಲಿ. ಹರಭಜನ್ ಶ್ರೀಶಾಂತ್ ಕೆನ್ನೆಗೆ ಹೊಡೆದರು. ಶ್ರೀಶಾಂತ್ ಅತ್ತದ್ದು ಟಿವಿಯಾಗ ದೇಶವೇ ನೋಡ್ತು. ಆ ಐಪಿಎಲ್‌ನ ಉಳಿದ ಪಂದ್ಯ ಎಲ್ಲಾ ಬಂದ್. ಮಾತಿಗೆ ಸಾಕ್ಷಿ ಸಿಗಲಿಲ್ಲ, ಏಟಿಗೆ ಸಿಕ್ತು.

ಹಂಗಂತ ಮಾತು ಹಗುರೇನು? ಬೆಂಗಳೂರಿಗೆ ಬಂದ ಹೊಸದರಲ್ಲಿ ನನ್ನ ಬೀದರ ಕನ್ನಡ ಅಣಕಿಸಿದವನ ದನಿ ಇನ್ನೂ ಕಿವ್ಯಾಗ ಅದ. ಊರಾಗ ಕುಸ್ತಿ ಆಡಿ ಮುರ್ಕೊಂಡದ್ದು ಯಾವ ಬೆರಳು ಅಂತ ಮರ್ತೀನಿ.