ಮಂಡ್ಯ ಸೀಮೆಯ ಶಿಶುಸ್ವಾಸ್ಥ್ಯ: ಚರಿತ್ರೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಎಳೆಯ ಮಕ್ಕಳ ರೋಗರುಜಿನಗಳ ಚರಿತ್ರೆಯು ಆ ನೆಲಕ್ಕೆ ನೀರು ಹರಿದುಬಂದ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಕನ್ನಂಬಾಡಿ ಕಟ್ಟೆಗೆ (ಕೃಷ್ಣರಾಜಸಾಗರ ಅಣೆಕಟ್ಟೆಗೆ) ಮುಂಚೆ ಈ ಸೀಮೆಯ ಬಹುಭಾಗವು ಮಳೆಯನ್ನೂ ಕೆರೆಯನ್ನೂ ನಂಬಿದ ರಾಗಿಯ ಹೊಲವಾಗಿದ್ದಿತು. ಕೂಸು ಸೊರಗಿದರೆ ಬಾಲಗ್ರಹವೆಂದು ತಾಯಿತ ಕಟ್ಟಿಸುವುದೂ, ಸಿಡುಬು ದಡಾರಗಳು ಕಾಣಿಸಿದರೆ ಅಮ್ಮ ಬಂದಳೆಂದು ಮಾರಮ್ಮನಿಗೆ ತಂಪು ಒಪ್ಪಿಸಿ ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸುವುದೂ, ಹೊಟ್ಟೆನೋವಿಗೆ ಬಜೆ ತೇಯ್ದು ನೆಕ್ಕಿಸುವುದೂ ಆಗಿನ ರೂಢಿಯಾಗಿದ್ದುವು. ಮೈಸೂರು ಅರಮನೆಯು 19ನೆಯ ಶತಮಾನದ ಆದಿಯಲ್ಲಿಯೇ ದೇವಿ ಹಾಕಿಸುವುದಕ್ಕೆ (ಸಿಡುಬಿನ ಲಸಿಕೆಗೆ) ಬೆಂಬಲವಿತ್ತಿದ್ದರೂ ಹಳ್ಳಿಯ ತಾಯಂದಿರ ಕೈಗೆ ಬಹುಕಾಲ ಎಟುಕಿದುದು ಈ ತಾಯಿತ, ಹರಕೆ, ಮನೆಮದ್ದುಗಳಷ್ಟೇ. ಇದನ್ನು ಬರಿಯ ಮೌಢ್ಯವೆಂದು ತಳ್ಳಿಬಿಡುವುದು ಅನ್ಯಾಯ.

1911ರಲ್ಲಿ ಆರಂಭವಾದ ಕಟ್ಟೆಯ ಕೆಲಸವು 1930ರ ದಶಕದ ಮೊದಲಲ್ಲಿ ಮುಗಿದು, ಇರ್ವಿನ್ ನಾಲೆಯ (ಈಗಿನ ವಿಶ್ವೇಶ್ವರಯ್ಯ ನಾಲೆ) ನೀರು ಬತ್ತಕ್ಕೂ ಕಬ್ಬಿಗೂ ಹರಿದಾಗ, ಸಮೃದ್ಧಿಯ ಬೆನ್ನಿಗೇ ಚಳಿಜ್ವರವೂ ಬಂದಿತು. ಬಸಿನೀರಿನಲ್ಲಿಯೂ ಗದ್ದೆಯ ನಿಂತ ನೀರಿನಲ್ಲಿಯೂ ಅನಾಫಿಲಿಸ್ ಸೊಳ್ಳೆ ಬೆಳೆಯಿತು. ಸಂಸ್ಥಾನದ ಆರೋಗ್ಯ ಇಲಾಖೆಯು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ತೊಡಗಿತು. ರೋಗದ ಪ್ರಾಬಲ್ಯವನ್ನು ಅಳೆಯಲು ಆ ಕಾಲದ ವೈದ್ಯರು ಮುಟ್ಟಿನೋಡುತ್ತಿದ್ದುದು 2ರಿಂದ 10 ವರ್ಷದ ಮಕ್ಕಳ ಹೊಟ್ಟೆಯನ್ನು. ರೋಗಾಣು ಹೊಕ್ಕ ರಕ್ತಕಣಗಳನ್ನು ಸೋಸಿ ಸೋಸಿ ಪ್ಲೀಹವು ಉಬ್ಬುತ್ತದೆ. ಮತ್ತೆ ಮತ್ತೆ ಜ್ವರ ಬಂದ ವಯಸ್ಕರಲ್ಲಿ ಪ್ರತಿರೋಧಶಕ್ತಿ ಕೂಡಿ ಆ ಉಬ್ಬು ಇಳಿಯುವುದರಿಂದ, ಊರಿನ ಜ್ವರಕ್ಕೆ ನಿಜವಾದ ಸಾಕ್ಷಿ ನುಡಿಯುವವರು ಮಕ್ಕಳೇ. ನಾಡನ್ನು ಹಸುರಾಗಿಸಿದ ನೀರಿಗೆ ಎಳೆಯರು ತೆತ್ತ ಈ ಬೆಲೆಯನ್ನು ನೀರಾವರಿಯ ಕೀರ್ತಿಕಥನಗಳು ಸಾಕಷ್ಟು ನೆನೆಯಲಿಲ್ಲವೆಂದೇ ಹೇಳಬೇಕು. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ ಡಿ.ಡಿ.ಟಿ. ಸಿಂಪಡಣೆಯೂ ಬಂದ ಮೇಲೆ ಜ್ವರ ತಗ್ಗಿತು.

ಇನ್ನು ಮಕ್ಕಳ ಪೋಷಣೆಯ ಮಾತು. ಮಳವಳ್ಳಿಗೆ ನೆರೆಯ ತಿರುಮಕೂಡಲು ನರಸೀಪುರದಲ್ಲಿ 1975ರ ಅಕ್ಟೋಬರ್ 2ರಂದು ರಾಜ್ಯದ ಮೊದಲ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ, ಕೂಸನ್ನು ತೂಗಿ ಬೆಳವಣಿಗೆಯನ್ನು ಪಟದಲ್ಲಿ ಗುರುತಿಸುವ ಕ್ರಮವು ಅಂಗನವಾಡಿಗಳ ಮೂಲಕ ಮುಂದೆ ಹಳ್ಳಿಹಳ್ಳಿಗೂ ಹಬ್ಬಿತು. ಮೊಳಕೆ ಕಟ್ಟಿದ ರಾಗಿಯ ಸರಿಯನ್ನು ಅಜ್ಜಿಯರು ಮೊದಲಿನಿಂದಲೂ ಉಣಿಸುತ್ತಿದ್ದರು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದೂ, ಮೊಳಕೆಯಿಂದ ರಾಗಿಯು ಸುಲಭವಾಗಿ ಅರಗುವುದೂ ಈ ಪದ್ಧತಿಯ ವಿವೇಕಕ್ಕೆ ವಿಜ್ಞಾನವಿತ್ತ ಸಮರ್ಥನೆ. 2013ರಿಂದ ರಾಜ್ಯ ಸರಕಾರದ ಕ್ಷೀರಭಾಗ್ಯ ಯೋಜನೆಯ ಹಾಲೂ ಮಕ್ಕಳಿಗೆ ದೊರೆಯುತ್ತಿದೆ.

ಕಿವಿ ಮಾತುಗಳ ಬೆಳವಣಿಗೆಯ ಕುಂದುಗಳ ಕಡೆಗೂ ಗಮನ ಹರಿಯಿತು. 1960ರ ದಶಕದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕಿವುಡು ತೊದಲುಗಳಿಗೆ ಈ ಸೀಮೆಯ ದೊಡ್ಡ ಆಸರೆ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ಸಂಬಂಧಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ಆರು ತಿಂಗಳಾದರೂ ದನಿಯತ್ತ ತಿರುಗದ ಕೂಸನ್ನು, ಮಾತು ನಿಧಾನವಾಗಿ ಬಂದೀತೆಂದು ಕಾಯದೆ, ಕೂಡಲೇ ಪರೀಕ್ಷೆಗೆ ಕರೆದೊಯ್ಯಬೇಕು.