ಆಗಮನ ಕಾಲ ಮತ್ತು ಕ್ರಿಸ್‌ಮಸ್: ಪುತ್ತೂರು, ಸುಳ್ಯ, ಕಡಬ ಸೀಮೆ

ಆಗಮನ ಕಾಲವೆಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳ ಸಿದ್ಧತೆಯ ಅವಧಿ. ಯೇಸುವಿನ ಜನನವನ್ನು ಎದುರುನೋಡುವ ಈ ದಿನಗಳ ಮುಖ್ಯ ಭಾವ ಭರವಸೆ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಕೊಂಕಣಿ ಕಥೋಲಿಕರು, ತುಳು-ಕನ್ನಡ ಮಾತಾಡುವ ಪ್ರಾಟೆಸ್ಟೆಂಟರು, ಕೇರಳ ಮೂಲದ ಸುರಿಯಾನಿ ಕ್ರೈಸ್ತರು ಇದನ್ನು ತಮ್ಮ ತಮ್ಮ ಸಂಪ್ರದಾಯದಂತೆ ಆಚರಿಸುತ್ತಾರೆ. ಸುಳ್ಯ–ಸುಬ್ರಹ್ಮಣ್ಯ ನಡುವಿನ, ಅಡಿಕೆ ಮತ್ತು ರಬ್ಬರ್ ತೋಟಗಳ ಊರಾದ ಗುತ್ತಿಗಾರಿನ ಸುತ್ತಮುತ್ತ ಸುರಿಯಾನಿ ಸಂಪ್ರದಾಯ ಎದ್ದುಕಾಣುತ್ತದೆ.

ಹಿನ್ನೆಲೆ

ರೋಮ್‌ನಲ್ಲಿ ಡಿಸೆಂಬರ್ 25ರಂದು ಯೇಸುವಿನ ಜನನವನ್ನು ಸ್ಮರಿಸುತ್ತಿದ್ದುದಕ್ಕೆ 4ನೇ ಶತಮಾನದ ದಾಖಲೆಯಿದೆ. ಯೇಸುವಿನ ಜನನದ ದೃಶ್ಯವಾದ ಗೋದಲಿಯನ್ನು ಕಟ್ಟುವ ರೂಢಿಯನ್ನು ಜನಪ್ರಿಯಗೊಳಿಸಿದವರು ಇಟಲಿಯ ಸಂತ ಫ್ರಾನ್ಸಿಸ್ ಅಸ್ಸಿಸಿ. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಅವರು ಜೀವಂತ ಗೋದಲಿಯನ್ನು ಏರ್ಪಡಿಸಿದ್ದರು. ಅವರ ಹೆಸರಿನ ಸಂಘದ ಗುರುಗಳೇ 16ನೇ ಶತಮಾನದಲ್ಲಿ ಮಂಗಳೂರು ಕರಾವಳಿಯಲ್ಲಿ ಧರ್ಮಪ್ರಚಾರಕ್ಕೆ ತೊಡಗಿದರು. ಮುಂದೆ ಯುದ್ಧ, ಬರ, ತೆರಿಗೆ ಮತ್ತು ಧಾರ್ಮಿಕ ವಿಚಾರಣೆಯ ಭಯದಿಂದ ಗೋವೆಯನ್ನು ಬಿಟ್ಟು ಬಂದ ಕುಟುಂಬಗಳಿಂದ ಇಲ್ಲಿಯ ಕೊಂಕಣಿ ಕಥೋಲಿಕ ಸಮುದಾಯ ಬೆಳೆಯಿತು.

ಸೆರೆವಾಸದ ವರ್ಷಗಳು

ಎರಡನೇ ಆಂಗ್ಲೋ–ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ 1784ರ ಫೆಬ್ರವರಿಯಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹಲವು ಇಗರ್ಜಿಗಳು ನೆಲಸಮವಾದವು, ಗುರುಗಳು ಗಡೀಪಾರಾದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳುವವರೆಗೆ ಹದಿನೈದು ಕ್ರಿಸ್‌ಮಸ್‌ಗಳು ಸೆರೆಯಲ್ಲೇ ಕಳೆದವು. ಬಿಡುಗಡೆಯ ನಂತರ ಫ್ರೆಂಚ್ ಗುರು ಅಬೆ ದ್ಯುಬುವಾ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿದ್ದ ಸಮುದಾಯವನ್ನು ಮತ್ತೆ ಒಗ್ಗೂಡಿಸಿದರು. ಬದುಕುಳಿದವರಲ್ಲಿ ಅನೇಕರು ಕರಾವಳಿಗೆ ಮರಳಿ ಇಗರ್ಜಿಗಳನ್ನು ಪುನಃ ಕಟ್ಟಿದರು. ಪುತ್ತೂರಿನ ಮಾಯ್ ದೆ ದೇವುಸ್ ಇಗರ್ಜಿ ಈ ಪುನರುತ್ಥಾನದ ಕಾಲದ್ದು. ಅದರ ಸ್ಥಾಪನೆ 1830.

ಬಾಸೆಲ್ ಮಿಷನ್

1834ರ ಅಕ್ಟೋಬರ್‌ನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ, ಪ್ರಾಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್‌ನ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಆಗ ಕಥೋಲಿಕರ ಪೂಜಾವಿಧಿ ಲ್ಯಾಟಿನ್‌ನಲ್ಲಿತ್ತು. ಬಾಸೆಲ್ ಮಿಷನ್ ಊರ ಭಾಷೆಗಳಲ್ಲೇ ಆರಾಧನೆ ನಡೆಸಿತು; 1847ರಲ್ಲಿ ಹೊಸ ಒಡಂಬಡಿಕೆ ತುಳುವಿನಲ್ಲಿ ಅಚ್ಚಾಯಿತು. ಜರ್ಮನ್ ರಾಗಗಳಿಗೆ ಕನ್ನಡ, ತುಳು ಪದಗಳನ್ನು ಹೊಂದಿಸಿದ ಹಾಡುಗಳು ಇಂದಿಗೂ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಕೇಳಿಬರುತ್ತವೆ. ಕಥೋಲಿಕರಲ್ಲಿ ಕೊಂಕಣಿ, ಕನ್ನಡ ಪೂಜೆಗಳು ಬಳಕೆಗೆ ಬಂದದ್ದು ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ.

ಘಟ್ಟದ ಬುಡಕ್ಕೆ ವಲಸೆ

20ನೇ ಶತಮಾನದ ನಡುಭಾಗದಿಂದ ತಿರುವಾಂಕೂರು ಕಡೆಯ ಸುರಿಯಾನಿ ಕ್ರೈಸ್ತ ರೈತರು ಸುಳ್ಯ, ಕಡಬ, ಬೆಳ್ತಂಗಡಿಯ ಗುಡ್ಡಗಾಡಿಗೆ ಬಂದು ರಬ್ಬರ್, ಕಾಳುಮೆಣಸು, ಮರಗೆಣಸು ಬೆಳೆಸಿದರು. ಇಗರ್ಜಿ ದೂರವಿದ್ದ ಆರಂಭದ ದಿನಗಳಲ್ಲಿ ಮನೆಯ ಸಂಜೆ ಪ್ರಾರ್ಥನೆಯೇ ಅವರ ಧಾರ್ಮಿಕ ಬದುಕಿನ ಆಧಾರವಾಗಿತ್ತು. ಭಾರತ–ಶ್ರೀಲಂಕಾ ನಡುವಿನ 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಫಲವಾಗಿ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು, ಅವರಲ್ಲೂ ಕ್ರೈಸ್ತರಿದ್ದಾರೆ. ಸಿರೋ ಮಲಬಾರ್ ಸಭೆಯ ಬೆಳ್ತಂಗಡಿ ಧರ್ಮಪ್ರಾಂತ್ಯ 1999ರಲ್ಲಿ, ಸಿರೋ ಮಲಂಕರ ಸಭೆಯ ಪುತ್ತೂರು ಧರ್ಮಪ್ರಾಂತ್ಯ 2010ರಲ್ಲಿ ಸ್ಥಾಪನೆಯಾದವು.

ಆಚರಣೆ

ಸುರಿಯಾನಿ ಮನೆಗಳಲ್ಲಿ ಡಿಸೆಂಬರ್ 1ರಿಂದ ‘ಇಪ್ಪತ್ತೈದು ನೋಂಬು’ ಹಿಡಿಯುವುದುಂಟು. ಅಷ್ಟೂ ದಿನ ಮೀನು, ಮಾಂಸ ವರ್ಜ್ಯ. ನಡುರಾತ್ರಿಯ ಪೂಜೆ ಮುಗಿದ ಮೇಲೆ ಅಪ್ಪ ಮತ್ತು ಮಾಂಸದ ಸಾರಿನೊಂದಿಗೆ ನೋಂಬು ಬಿಡುತ್ತಾರೆ. ಕೊಂಕಣಿ ಕಥೋಲಿಕರಲ್ಲಿ ಇಂಥ ಉಪವಾಸವಿಲ್ಲ. ಗುರುಗಳು ನೇರಳೆ ವಸ್ತ್ರ ಧರಿಸುತ್ತಾರೆ, ವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ ಹಚ್ಚುತ್ತಾರೆ; ಮೊದಲನೆಯದು ಭರವಸೆಯ ಸಂಕೇತ. ಮೇಣದಬತ್ತಿಯ ಈ ಪದ್ಧತಿ ಹುಟ್ಟಿದ್ದು 1839ರಲ್ಲಿ, ಹ್ಯಾಂಬರ್ಗ್‌ನ ಪ್ರಾಟೆಸ್ಟೆಂಟರ ನಡುವೆ.

ಗೋದಲಿಯ ಕೆಲಸ ಹಬ್ಬಕ್ಕೆ ಒಂದೆರಡು ವಾರ ಮೊದಲೇ ಶುರು. ತಟ್ಟೆಯಲ್ಲಿ ಮಣ್ಣು ಹರಡಿ ಭತ್ತ ಅಥವಾ ರಾಗಿ ಚೆಲ್ಲಿ, ದಿನವೂ ನೀರು ಚಿಮುಕಿಸುತ್ತಾರೆ. ಹಬ್ಬದ ಹೊತ್ತಿಗೆ ಅದು ಹಸಿರು ಗದ್ದೆಯಾಗುತ್ತದೆ. ಬೈಹುಲ್ಲಿನ ಮಾಡು, ದನ, ಕುರಿ, ಕುರುಬರೆಲ್ಲ ಜಾಗ ಹಿಡಿದ ಮೇಲೂ ನಡುವಿನ ತೊಟ್ಟಿಲು ಖಾಲಿ. ಬಾಲಯೇಸುವಿನ ಮೂರ್ತಿಯನ್ನು 24ರ ರಾತ್ರಿಯಷ್ಟೇ ಇಡುತ್ತಾರೆ. ಅಡುಗೆಮನೆಯಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳು ತಯಾರಾಗುತ್ತವೆ: ನೆವ್ರಿ, ತುಕ್ಡಿ, ಚಕ್ಕುಲಿ, ಗುಳಿಯೊ, ಮುಳ್ಳುಚಮಚದ ಬೆನ್ನಮೇಲೆ ಒತ್ತಿ ಸುರುಳಿ ಮಾಡಿದ ಕಿಡಿಯೊ. ಕುಸ್ವಾರ್ ತಟ್ಟೆ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುತ್ತದೆ.

ವೈಶಿಷ್ಟ್ಯ

ಸೆರೆವಾಸ ಮತ್ತು ವಲಸೆ ಬೇರೆ ಬೇರೆ ಸಮುದಾಯಗಳ, ಬೇರೆ ಬೇರೆ ಬಗೆಯ ಅನುಭವಗಳು. ಇಗರ್ಜಿಯ ಆಸರೆ ಇಲ್ಲದ ಕಾಲ ಮಾತ್ರ ಎರಡಕ್ಕೂ ಸಮಾನ. ಕೊಂಕಣಿ ಮನೆಯ ‘ತೆರ್ಸ್’, ಮಲಯಾಳಿ ಮನೆಯ ‘ಕೊಂತ’ ಎರಡೂ ದಿನನಿತ್ಯ ಮನೆಮಂದಿ ಕೂಡಿ ಹೇಳುವ ಜಪಸರ ಪ್ರಾರ್ಥನೆಗಳೇ. ಈ ಸೀಮೆಯ ಕ್ರೈಸ್ತ ವಿಶ್ವಾಸದ ನಿರಂತರತೆಯಲ್ಲಿ ಇಗರ್ಜಿಯಷ್ಟೇ ಪಾಲು ಮನೆಯದೂ ಆಗಿದೆ. ಆಗಮನ ಕಾಲದ ಮುಖ್ಯ ಭಾವವಾದ ಭರವಸೆಯನ್ನೇ ಮುಂದಿಟ್ಟು ಕಥೋಲಿಕ ಸಭೆ 2025ನ್ನು ಭರವಸೆಯ ಜ್ಯೂಬಿಲಿ ವರ್ಷವಾಗಿ ಆಚರಿಸಿತು. ಪೋಪ್ ಫ್ರಾನ್ಸಿಸ್ ಅದನ್ನು ರೋಮ್‌ನಲ್ಲಿ ಉದ್ಘಾಟಿಸಿದ್ದು 2024ರ ಕ್ರಿಸ್‌ಮಸ್ ಮುನ್ನಾದಿನದಂದು.